ಸೀಮೆಎಣ್ಣೆ ಕುಡಿದ ಮೌಸ್

ಆಯುಧಪೂಜೆಯ ದಿನ ನಮ್ಮ ಕಡೆ ಯಾವ ವಸ್ತುವೂ ತಪ್ಪಿಸಿಕೊಳ್ಳುವಂತಿಲ್ಲ. ಬೈಕು, ಟ್ರ್ಯಾಕ್ಟರ್, ಹೊಲಿಗೆ ಯಂತ್ರ, ಮಿಕ್ಸಿ, ಈಳಿಗೆ, ಎಲ್ಲವೂ ಮೈ ತೊಳೆಸಿಕೊಂಡು, ವಿಭೂತಿ ಹಚ್ಚಿಸಿಕೊಂಡು, ಕುಂಕುಮ ಇಡಿಸಿಕೊಂಡು ಮದುಮಕ್ಕಳಂತೆ ಸಾಲಾಗಿ ಕೂರಬೇಕು. ಇದರಲ್ಲಿ ನನ್ನ ತಕರಾರಿಲ್ಲ. ವರ್ಷವಿಡೀ ನಮಗಾಗಿ ದುಡಿದ ವಸ್ತುವಿಗೆ ಒಂದು ದಿನ ಕೈ ಮುಗಿಯುವುದು ಒಳ್ಳೆಯ ಪದ್ಧತಿ. ತಕರಾರು ನನ್ನ ಮೇಲೆಯೇ. ಕೈ ಮುಗಿದು ಸುಮ್ಮನಿರಬೇಕಾದ ಕಡೆ ನಾನು ಕೈ ಹಾಕುತ್ತೇನೆ.

ನಾನು ಕಂಪ್ಲಿಯಲ್ಲಿ ಮೋಟಾರ್ ವೈಂಡಿಂಗ್ ಮಾಡುವವನು. ಪಂಪಿನ ಮೋಟಾರ್ ಸುಟ್ಟುಹೋದರೆ ಅದನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೊಡುತ್ತೇನೆ. ಓದು ಏಳನೆಯ ತರಗತಿಗೆ ನಿಂತಿತು. ನಿಂತಿತು ಎನ್ನುವುದಕ್ಕಿಂತ ಅದನ್ನು ದಂಡೆಯ ಮೇಲಿಟ್ಟು ನಾನು ಕಾಲುವೆಗೆ ಹಾರಿದೆ ಎನ್ನುವುದೇ ಸರಿ. ನಮ್ಮ ಮನೆಯ ಓದೆಲ್ಲ ಅಕ್ಕನ ಪಾಲಿಗೆ ಹೋಯಿತು. ಶಾಂತಕ್ಕ ಪಿಯುಸಿ ಮುಗಿಸಿ, ಹೊಸಪೇಟೆಗೆ ದಿನಾ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಕಲಿತು, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಲಗ್ನಪತ್ರಿಕೆ ತಯಾರಿಸುವ ಕೆಲಸ ಹಿಡಿದಳು. ಅವತ್ತು ಕೊಂಡ ಕಂಪ್ಯೂಟರೇ ಇವತ್ತಿಗೂ ಇದೆ. ಹೊಸದು ತರೋಣವೆಂದರೆ ಅಕ್ಕ ಒಪ್ಪುವುದಿಲ್ಲ. ಅವಳು ವರ್ಷಗಟ್ಟಲೆ ಕೂಡಿಟ್ಟ ಅಕ್ಷರಗಳು, ಬಾಳೆಕಂಬದ ಚೌಕಟ್ಟುಗಳು, ಓಲಗದವರ ಚಿತ್ರಗಳು ಹೊಸ ಕಂಪ್ಯೂಟರಿಗೆ ಹೋದರೆ ಬರೀ ಚೌಕ ಚೌಕ ಡಬ್ಬಿಗಳಾಗಿ ಕಾಣುತ್ತವಂತೆ. ವಧುವಿನ ಹೆಸರಿರುವ ಕಡೆ ಏಳು ಡಬ್ಬಿ ಇದ್ದರೆ ಬೀಗರು ಒಪ್ಪುತ್ತಾರೆಯೇ?

ಕೆಲವು ವರ್ಷಗಳ ಹಿಂದೆ ಅಕ್ಕನಿಗೆ ಲಕ್ವ ಹೊಡೆಯಿತು. ಮಾತು ಬೇಗ ಮರಳಿತು. ಬಲಗೈ ಮಾತ್ರ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕಲು ಹೇಳಿದರು. ಅಕ್ಕ ಸ್ವಲ್ಪ ದಿನ ಹಿಸುಕಿ, “ಎಷ್ಟು ಹಿಸುಕಿದ್ರೂ ಇದರಾಗ ರಸ ಬರವಲ್ದು” ಎಂದು ಅದನ್ನು ಬಿಸಾಡಿ ಮೌಸ್ ಹಿಡಿದಳು. ಮೊದಮೊದಲು ಪರದೆಯ ಮೇಲಿನ ಬಾಣ ಹೆದರಿದ ಕೋಳಿಯಂತೆ ಓಡುತ್ತಿತ್ತು. ಆಕೆ ಬಿಡಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಗೆರೆ ಎಳೆಯುವುದು, ಅಳಿಸುವುದು, ಮತ್ತೆ ಎಳೆಯುವುದು. ಕೊನೆಗೊಂದು ದಿನ ವರನ ಹೆಸರಿನ ಕೆಳಗೆ ನೆಟ್ಟಗೆ ಒಂದು ಗೆರೆ ಬಿತ್ತು. ಅವತ್ತು ನನ್ನ ಹೆಂಡತಿ ಹೋಳಿಗೆ ಮಾಡಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಆ ಮೌಸ್ ಡಾಕ್ಟರಿಗಿಂತ ಒಂದು ಮೆಟ್ಟಿಲು ಮೇಲೆ. ಹೊಟ್ಟೆಯಲ್ಲಿ ಉರುಳುವ ಗುಂಡು, ಬಾಲದ ತುದಿಯಲ್ಲಿ ದುಂಡನೆಯ ಪಿನ್ನು; ಈಗ ಅಂಥದ್ದು ಎಲ್ಲೂ ತಯಾರಾಗುವುದಿಲ್ಲ.

ಹಾಗಿದ್ದ ಮೇಲೆ ಆಯುಧಪೂಜೆಗೆ ಅದನ್ನು ಬಿಡಲಾದೀತೇ? ಅಕ್ಕ ಒಳಗೆ ನೈವೇದ್ಯದ ಗಡಿಬಿಡಿಯಲ್ಲಿದ್ದಾಗ ಮೌಸನ್ನು ನನ್ನ ಅಂಗಡಿಗೆ ಒಯ್ದೆ. ಸೀಮೆಎಣ್ಣೆ ಈಗ ಕಣ್ಣಿಗೆ ಹಚ್ಚಿಕೊಳ್ಳಲೂ ಸಿಗುವುದಿಲ್ಲ. ನಾನು ಬೇರಿಂಗ್ ತೊಳೆಯಲೆಂದು ಒಂದು ಕ್ಯಾನ್ ಜೋಪಾನ ಮಾಡಿದ್ದೆ. ಉಳಿದ ಸಾಮಾನಿಗೆ ನೀರು, ಅಕ್ಕನ ಮೌಸಿಗೆ ಸೀಮೆಎಣ್ಣೆ! ಹೊಟ್ಟೆಯ ಗುಂಡು ತೆಗೆದು, ಬೇರಿಂಗಿನ ಜೊತೆಗೇ ಬಟ್ಟಲಲ್ಲಿ ನೆನೆಹಾಕಿ, ಪೂಜೆಯ ಹೊತ್ತಿಗೆ ಒರೆಸಿ ಒಳಗೆ ಕೂರಿಸಿದೆ. ಮೇಲೆ ಮೂರು ಎಳೆ ವಿಭೂತಿ, ನಡುವೆ ಕುಂಕುಮ. ಅಕ್ಕ ನೋಡಿ ಹಿಗ್ಗಿದಳು. “ನನ್ನ ಮೌಸಿಗೂ ಪೂಜಿ ಮಾಡಿಯೇನಲೇ ಬಸ್ಯಾ? ಚಲೋ ಮಾಡಿದಿ” ಎಂದಳು. ಸೀಮೆಎಣ್ಣೆಯ ಸಂಗತಿ ನಾನು ಹೇಳಲಿಲ್ಲ. ಭಕ್ತಿಯ ಲೆಕ್ಕವನ್ನು ಬಾಯಿಬಿಟ್ಟು ಹೇಳಬಾರದಲ್ಲವೇ.

ಹಂಪಿಯ ಮಹಾನವಮಿ ದಿಬ್ಬಕ್ಕೆ ನೆಂಟರನ್ನು ಕರೆದೊಯ್ದಾಗಲೆಲ್ಲ ಗೈಡುಗಳ ಮಾತಿಗೆ ಕಿವಿ ಕೊಟ್ಟು ನನ್ನ ಓದಿನ ಕೊರತೆ ತುಂಬಿಕೊಳ್ಳುತ್ತೇನೆ. ನವರಾತ್ರಿಯಲ್ಲಿ ಅರಸರು ಅದರ ಮೇಲೆ ಕೂತು ಆನೆ, ಕುದುರೆ, ಸೈನ್ಯ ನೋಡುತ್ತಿದ್ದರಂತೆ, ಆಯುಧಗಳಿಗೆ ಪೂಜೆ ಸಲ್ಲಿಸುತ್ತಿದ್ದರಂತೆ. ದಿಬ್ಬದ ಸುತ್ತ ಕಲ್ಲಿನಲ್ಲಿ ಆನೆಗಳು ಇವತ್ತಿಗೂ ಸಾಲಾಗಿ ನಡೆಯುತ್ತಿವೆ. ಅಂಥ ಅರಸನಿಗೂ ಕತ್ತಿಯ ಹಿಡಿ ಬಿಚ್ಚಿ ನೆನೆಹಾಕುವ ಬುದ್ಧಿ ಬಂದಿತ್ತೆಂದು ಯಾವ ಗೈಡೂ ಹೇಳಿಲ್ಲ.

ಹಬ್ಬ ಮುಗಿದು ಅಕ್ಕ ಕೆಲಸಕ್ಕೆ ಕೂತಳು. ಸ್ವಲ್ಪ ಹೊತ್ತಿಗೇ ಕೂಗು ಕೇಳಿಸಿತು.

“ಲೇ ಬಸ್ಯಾ, ಇಲ್ಲಿ ಬಾ. ಕೈ ಮತ್ತ ನಡುಗಾಕ ಹತ್ತೈತಿ ನೋಡು.”

ಪರದೆಯ ಮೇಲೆ ಬಾಣ ನಿಂತಲ್ಲೇ ಅಂಟಿಕೊಳ್ಳುತ್ತಿತ್ತು, ಆಮೇಲೆ ಒಮ್ಮೆಗೇ ಜಿಗಿಯುತ್ತಿತ್ತು. ನೋಡಿದ ಕೂಡಲೇ ನನಗೆ ಅರ್ಥವಾಯಿತು. ಸೀಮೆಎಣ್ಣೆ ತಾಗಿದ ರಬ್ಬರ್ ಉಬ್ಬುತ್ತದೆ. ಪಂಪಿನ ವಾಷರನ್ನು ಸೀಮೆಎಣ್ಣೆಯಲ್ಲಿ ತೊಳೆದು ತಂದ ರೈತರಿಗೆ ನಾನೇ ಎಷ್ಟೋ ಸಲ ಬೈದಿದ್ದೇನೆ. ಮೌಸಿನ ಗುಂಡಿನ ಮೈಯೂ ರಬ್ಬರೇ ಎಂಬುದು ಹಬ್ಬದ ಗಡಿಬಿಡಿಯಲ್ಲಿ ನನಗೆ ಹೊಳೆದಿರಲಿಲ್ಲ. ಅದು ಹೊಟ್ಟೆಯಲ್ಲಿ ಉಬ್ಬಿ ಕೂತಿದೆ, ಉರುಳಲಾರದು.

ಆಗ ನಾನು ಹೇಳಬೇಕಿತ್ತು. ಹೇಳಿದ್ದು ಬೇರೆ. “ದಣಿವಾಗಿರಬೇಕಕ್ಕ, ರೆಸ್ಟ್ ತಗೋ” ಎಂದೆ.

ಇದೇ ನನ್ನ ತಪ್ಪು. ಗುಂಡು ಕೆಡಿಸಿದ್ದನ್ನು ಯಾರಾದರೂ ಕ್ಷಮಿಸಿಯಾರು, ಅದರಲ್ಲಿ ಪ್ರೀತಿ ಇತ್ತು. ಆದರೆ ಊರಿನ ಮೋಟಾರುಗಳನ್ನೆಲ್ಲ ರಿಪೇರಿ ಮಾಡುವವನು ಮನೆಯದನ್ನು ಕೆಡಿಸಿದ ಎಂದು ಹೇಳಿಕೊಳ್ಳಲು ನನ್ನ ಜಂಭ ಒಪ್ಪಲಿಲ್ಲ. ಅಕ್ಕ ರೆಸ್ಟ್ ತೆಗೆದುಕೊಂಡಳು. ಮತ್ತೆ ಕೂತಳು, ಮತ್ತೆ ಬಾಣ ಜಿಗಿಯಿತು. ಕೆಲವು ದಿನಗಳ ನಂತರ ಊಟದಲ್ಲಿ ಆಕೆ ಚಮಚವನ್ನು ಎಡಗೈಗೆ ತೆಗೆದುಕೊಂಡದ್ದನ್ನು ನೋಡಿದೆ. ಬಲಗೈ ಮಡಿಲಲ್ಲಿ ಸುಮ್ಮನೆ ಮಲಗಿತ್ತು. ಅದಕ್ಕೆ ಏನೂ ಆಗಿರಲಿಲ್ಲ. ಆಗಿದೆ ಎಂದು ಆಕೆ ನಂಬಿದ್ದಳು ಅಷ್ಟೇ. ಲಕ್ವ ಹೊಡೆದ ಕೈ ಆ ನಂಬಿಕೆಯೊಂದರಿಂದಲೇ ಮತ್ತೆ ಬೀಳಬಹುದು ಎಂದು ನನಗೆ ಗೊತ್ತಿತ್ತು. ಆದರೂ ತಟ್ಟೆ ಎತ್ತಿಕೊಂಡು ಎದ್ದುಹೋದೆ.

ತುಳಸಿ ಲಗ್ನ ಮುಗಿದು ಮದುವೆಗಳ ಕಾಲ ಬಂತು. ಅಕ್ಕಿ ಗಿರಣಿಯ ಸಾಹುಕಾರರು ಕಿರಿಮಗಳ ಲಗ್ನಪತ್ರಿಕೆಗೆಂದು ಬಂದರು. ಹಿರಿಯಳದ್ದನ್ನೂ ಅಕ್ಕನೇ ಮಾಡಿದ್ದಳು.

“ಈ ಸಲ ಬ್ಯಾರೆ ಕಡೆ ಮಾಡಿಸ್ರಿ ಅಣ್ಣಾರ. ನನ್ನ ಕೈ ನಂಬಾಕ ಬರಂಗಿಲ್ಲ” ಎಂದಳು ಅಕ್ಕ.

“ಅಲ್ಲವ್ವಾ, ನಿನ್ನ ಕೈಗುಣದ ಮ್ಯಾಲೆ ದೊಡ್ಡಾಕಿ ಸುಖವಾಗಿ ಅದಾಳ. ಸೋಮವಾರ ಮತ್ತ ಬರ್ತೀನಿ, ಅವತ್ತು ಹೇಳು” ಎಂದು ಅವರು ಎದ್ದರು.

ನಾನು ಹೊಸಪೇಟೆಯ ಬಸ್ಸು ಹತ್ತಿದೆ. ಮೌಸ್ ಸರಿಮಾಡಿ ಕೈಯಲ್ಲಿ ಹಿಡಿದುಕೊಂಡು ತಪ್ಪೊಪ್ಪಿಕೊಳ್ಳುವುದು ಎಂದು ಲೆಕ್ಕ. ಬರಿಗೈಯಲ್ಲಿ ತಪ್ಪೊಪ್ಪಿಕೊಳ್ಳುವುದು ನಮ್ಮಂಥವರಿಗೆ ಕಷ್ಟ. ಕಂಪ್ಯೂಟರ್ ಅಂಗಡಿಯಲ್ಲಿ ಇದ್ದವೆಲ್ಲ ಚಪ್ಪಟೆ ಪ್ಲಗ್ಗಿನ ಮೌಸ್‌ಗಳೇ. ದುಂಡು ಪಿನ್ನಿನ, ಗುಂಡಿನ ಮೌಸ್ ಕೇಳಿದ್ದಕ್ಕೆ ಅಂಗಡಿಯವನು, “ಅಣ್ಣಾ, ಬಂದ ದಾರಿ ತಪ್ಪಿತು ನಿಮ್ಮದು. ಹಂಪಿಗೆ ಹೋಗ್ರಿ, ಕಲ್ಲಿಂದರ ಸಿಕ್ಕೀತು” ಎಂದ. ನಕ್ಕು, ಚಪ್ಪಟೆ ಪ್ಲಗ್ಗಿನದನ್ನೇ ತಂದೆ. ಪ್ಲಗ್ ಕತ್ತರಿಸಿ, ಹಳೆಯ ಮೌಸಿನ ಬಾಲವನ್ನು ಇದಕ್ಕೆ ಕೂಡಿಸಿದರಾಯಿತು. ಅದರಲ್ಲೂ ನಾಲ್ಕು ತಂತಿ, ಇದರಲ್ಲೂ ನಾಲ್ಕು ತಂತಿ. ಅಕ್ಕ ಮಲಗಿದ ಮೇಲೆ ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಸೇರಿಸಿ ಬೆಸುಗೆ ಹಾಕಿದೆ. ಬಾಣ ಅಲುಗಲಿಲ್ಲ. ತಂತಿ ಅದಲುಬದಲು ಮಾಡಿದರೂ ಅಲುಗಲಿಲ್ಲ.

ಸಂಡೂರಿನಲ್ಲಿ ನನ್ನ ಗೆಳೆಯ ಖಾದರ್ ಇದ್ದಾನೆ. ಅದಿರು ಲಾರಿಗಳನ್ನು ತೂಗುವ ಒಂದು ಕಡೆ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ. ಅವನ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಅವನು ಮೊದಲು ಹೊಟ್ಟೆ ಹಿಡಿದು ನಕ್ಕ.

“ಸೀಮೆಎಣ್ಣಿ ಕುಡಿಸಿದೇನಲೇ! ಬತ್ತಿ ಹಚ್ಚಿದ್ದರ ದೀಪ ಆಗ್ತಿತ್ತು” ಎಂದ. ಆಮೇಲೆ ಹೇಳಿದ: “ನೀ ತಂದ ಹೊಸಾದಕ್ಕ ಒಂದೇ ಭಾಷಾ ಬರ್ತೈತಿ. ಅಕ್ಕನ ಕಂಪ್ಯೂಟರಿಂದು ಹಳೇ ಭಾಷಾ. ಎರಡರ ನಡುವಿನ ಕಾಲದ್ದು ಒಂದು ಬೇಕು. ಪ್ಲಗ್ ಹೊಸಾದಿರ್ತೈತಿ, ಹಳೇ ಮಾತೂ ತಿಳೀತೈತಿ.”

ಈ ಮಾತು ನನಗೆ ಪುಸ್ತಕವಿಲ್ಲದೆ ಅರ್ಥವಾಯಿತು. ನಮ್ಮ ಜಿಲ್ಲೆಯವರೆಲ್ಲ ಅಂಥ ಮೌಸ್‌ಗಳೇ. ಮನೆಯಲ್ಲಿ ಕನ್ನಡ, ಭತ್ತದ ವ್ಯಾಪಾರಕ್ಕೆ ತೆಲುಗು, ಖಾದರನ ಮನೆಯಲ್ಲಿ ಊಟಕ್ಕೆ ಕೂತರೆ ಉರ್ದು. ಯಾವ ಗೋಡೆಗೆ ಚುಚ್ಚಿದರೂ ನಡೆಯುತ್ತೇವೆ. ಖಾದರ್ ಹಳೆಯ ಸಾಮಾನಿನ ಡಬ್ಬಿ ಕೆದಕಿ ಒಂದನ್ನು ಹೊರತೆಗೆದ. ಗುಂಡಿಲ್ಲದ, ಬೆಳಕಿನ ಮೇಲೆ ನಡೆಯುವ ಮೌಸ್. ಸಂಡೂರಿನ ಕೆಂಪು ಧೂಳು ಸಂದುಸಂದಿನಲ್ಲಿ ಮೆತ್ತಿತ್ತು. ಕೊಡುವಾಗ ತಡೆದು ಕೇಳಿದ:

“ಅಕ್ಕಗ ಹೇಳಿಯೇನು?”

“ಇಲ್ಲ.”

“ಮೌಸ್ ನಾ ಕೊಡ್ತೀನಿ. ಆ ಮಾತು ನೀನ ಆಡಬೇಕು. ಅದನ್ನ ಕೂಡಿಸಾಕ ನನ್ನ ಹತ್ರ ವೈರ್ ಇಲ್ಲಪಾ.”

ಭಾನುವಾರ ಅಕ್ಕ ಪಕ್ಕದ ಮನೆಗೆ ಹೋದಾಗ ಕೆಲಸಕ್ಕೆ ಕೂತೆ. ಈ ಸಲ ಬಣ್ಣ ನಂಬಲಿಲ್ಲ. ಮೋಟಾರಿಗೆ ಹಿಡಿಯುವ ಮೀಟರನ್ನೇ ಹಿಡಿದು, ದುಂಡು ಪಿನ್ನಿನ ಯಾವ ಮುಳ್ಳಿಗೆ ಯಾವ ತಂತಿ ಹೋಗಿದೆ ಎಂದು ಒಂದೊಂದಾಗಿ ನೋಡಿದೆ. ಹಸಿರೆಂದು ಹಸಿರಿಗೆ ಸೇರಿಸಿದ್ದು ಬೇರೆಯೇ ದಾರಿಯದಾಗಿತ್ತು. ಬಣ್ಣ ಒಂದೊಂದು ಕಂಪನಿಗೆ ಒಂದೊಂದು. ಎರಡು ತಂತಿ ಕರೆಂಟಿಗೆ, ಎರಡು ಮಾತಿಗೆ. ಬೆಸುಗೆ ಹಾಕಿ, ಸುತ್ತಿ, ಕಂಪ್ಯೂಟರ್ ಹಚ್ಚಿದೆ. ಬಾಣ ನನ್ನ ಒರಟು ಕೈಯಡಿಯಲ್ಲೂ ಕಾಲುವೆಯ ನೀರಿನಂತೆ ಸರಿಯಿತು.

ಅಕ್ಕ ಬಂದಳು. “ಒಂದು ಸಲ ಕುಂದ್ರು, ನೋಡೋಣು” ಎಂದೆ. ಮನಸ್ಸಿಲ್ಲದ ಮನಸ್ಸಿನಿಂದ ಕೂತು, ಮಡಿಲಿನ ಕೈಯನ್ನು ಎತ್ತಿ ಮೌಸಿನ ಮೇಲಿಟ್ಟಳು. ಕಣ್ಣೆಲ್ಲ ಕೈಯ ಮೇಲೆಯೇ; ಮೌಸ್ ಬದಲಾದದ್ದು ಆಕೆಗೆ ಕಾಣಲೇ ಇಲ್ಲ. ಒಂದು ಗೆರೆ ಎಳೆದಳು. ನೆಟ್ಟಗೆ ಬಂತು. ಇನ್ನೊಂದು ಎಳೆದಳು. ಅದೂ ಬಂತು. ಆಕೆಯ ಕಣ್ಣು ತುಂಬಿತು.

“ಕೈ ಬಂತಲೇ ಬಸ್ಯಾ! ಶಿವಾ, ಕೈ ತಿರುಗಿ ಬಂತು!”

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಸುಮ್ಮನಿದ್ದುಬಿಡೋಣ ಅನ್ನಿಸಿತು. ಆಕೆಗೆ ಸಂತೋಷ, ಶಿವನಿಗೆ ಕೀರ್ತಿ, ನನಗೆ ಬಿಡುಗಡೆ. ಆದರೆ ಆಕೆ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, “ಎಷ್ಟು ದಿನ ಇರ್ತೈತೋ ಏನೋ, ಮತ್ತ ಯಾವಾಗ ಹೋಗ್ತೈತೋ” ಎಂದಳು. ಹಾರಿಹೋಗುವ ಹಕ್ಕಿಯನ್ನು ಹಿಡಿದಂತೆ ತನ್ನ ಕೈಯನ್ನೇ ಹಿಡಿದಿದ್ದಳು. ಇನ್ನು ಜೀವನವಿಡೀ ಹೀಗೇ ಹಿಡಿದುಕೊಂಡು ಕೂರುತ್ತಾಳೆ.

“ಅಕ್ಕಾ, ನಿನ್ನ ಕೈ ಹೋಗಿದ್ದಿಲ್ಲ. ಹೋಗಿದ್ದು ಮೌಸು. ಅದನ್ನ ಕೆಡಿಸಿದಾಂವ ನಾನು” ಎಂದೆ. ಬಟ್ಟಲು, ಸೀಮೆಎಣ್ಣೆ, ಉಬ್ಬಿದ ಗುಂಡು, ರೆಸ್ಟ್ ತಗೋ ಎಂದದ್ದು, ಎಲ್ಲ ಹೇಳಿದೆ.

ಅಕ್ಕ ಎದ್ದು ನಿಂತಳು. ಛಟೀರೆಂದು ಕೆನ್ನೆಗೆ ಒಂದು ಬಿತ್ತು. ಹಲ್ಲಿನ ಬೇರಿನವರೆಗೂ ಇಳಿಯಿತು. ಮುಖ ತಿರುಗಿಸಿಕೊಂಡವನು ಮತ್ತೆ ಆಕೆಯ ಕಡೆ ನೋಡಿದಾಗ, ಆಕೆ ನನ್ನನ್ನು ನೋಡುತ್ತಿರಲಿಲ್ಲ. ಗಾಳಿಯಲ್ಲಿ ಇನ್ನೂ ಎತ್ತಿದಂತೆಯೇ ಇದ್ದ ತನ್ನ ಬಲಗೈಯನ್ನು ನೋಡುತ್ತಿದ್ದಳು. ಲಕ್ವ ಹೊಡೆದ ಮೇಲೆ ಅದು ಅಷ್ಟು ಎತ್ತರಕ್ಕೆ ಏರಿದ್ದನ್ನು ನಾವಿಬ್ಬರೂ ಕಂಡಿರಲಿಲ್ಲ.

“ನೋವಾತೇನಲೇ?” ಎಂದು ಮೆಲ್ಲಗೆ ಕೇಳಿದಳು.

“ಭಾಳ.”

“ನನ್ನ ಖುಷಿಗಂತ ಹೇಳಬ್ಯಾಡ. ಖರೇ ಹೇಳು.”

“ಖರೇನ ಅಕ್ಕ. ಭಾಳ ನೋವಾತು” ಎಂದೆ. ಅಷ್ಟು ಸಂತೋಷದಿಂದ ನಾನು ಯಾವ ನಿಜವನ್ನೂ ಹೇಳಿರಲಿಲ್ಲ.