ಮೀನಿನ ಸೊಂಟದಲ್ಲಿ ಒಂದು ಸೂಜಿ

ನಿಮೊಲ್ ಕುಳಿತಿದ್ದನ್ನು ನಾನು ನೋಡಿಲ್ಲ. ನಲವತ್ತು ವರ್ಷದ ಪರಿಚಯದಲ್ಲಿ ಒಮ್ಮೆಯೂ ಇಲ್ಲ. ಉಣ್ಣುವುದು ನಿಂತು, ಜಗಳ ನಡೆಯುತ್ತ, ನಗುವುದು ಮೆಟ್ಟಿಲು ಇಳಿಯುತ್ತ. ರಾತ್ರಿ ಮಲಗಿದ ಮೇಲೆ ಆಕೆಯ ಕಾಲುಗಳು ಮಾತ್ರ ಎದ್ದು ಬತ್ತಂಬಾಂಗಿಗೆ ನಡೆದುಹೋಗಿ ಬೆಳಗಾಗುವಷ್ಟರಲ್ಲಿ ಹಿಂದಿರುಗುತ್ತವೆ ಎಂದು ನಮ್ಮ ಮೇಳದ ಹುಡುಗಿಯರು ನಂಬಿದ್ದರು. ಅದು ಶುದ್ಧ ಸುಳ್ಳು. ಬತ್ತಂಬಾಂಗ್ ಬಹಳ ದೂರ. ಅರ್ಧ ದಾರಿಯಿಂದಲೇ ಹಿಂದಿರುಗುತ್ತಿದ್ದಿರಬೇಕು.

ನಾನು ಆ ಮೇಳದ ಮದ್ದಳೆಯವನು. ತೋನ್ಲೆ ಸಾಪ್ ನದಿ ವರ್ಷಕ್ಕೊಮ್ಮೆ ಹಿಂದಕ್ಕೆ ಹರಿಯುವುದು ನನ್ನ ಮದ್ದಳೆಯ ಪೆಟ್ಟಿಗೆ ಹೆದರಿ. ಜನ ಮಳೆ ಎನ್ನುತ್ತಾರೆ, ಎನ್ನಲಿ. ನಿಮೊಲಳ ಕೆಲಸ ನನ್ನದಕ್ಕಿಂತ ದೊಡ್ಡದು. ಅರಮನೆಯ ಕುಣಿತದ ಉಡುಪಿಗೆ ಗುಂಡಿಯಿಲ್ಲ, ಕೊಂಡಿಯಿಲ್ಲ. ಕುಣಿಯುವವಳನ್ನು ಎದುರಿಗೆ ನಿಲ್ಲಿಸಿ, ಮಖಮಲ್ಲಿನ ಕುಪ್ಪಸವನ್ನು ಮೈಮೇಲೆಯೇ ಹೊಲಿಯಬೇಕು. ಕುಣಿತ ಮುಗಿದ ಮೇಲೆ ದಾರ ಕತ್ತರಿಸಿ ಬಿಡಿಸಬೇಕು. ಎರಡು ಗಂಟೆಯ ಕೆಲಸ. ಒಮ್ಮೆ ಹೊಲಿದರೆ ಊಟವಿಲ್ಲ, ನೀರಿಲ್ಲ, ಹೊರಗೆ ಹೋಗುವಂತಿಲ್ಲ. ನಿಮೊಲ್ ದಾರ ಎಳೆದು ಬಿಗಿದಳೆಂದರೆ ಆ ಹುಡುಗಿಯ ಮುತ್ತಜ್ಜಿಯೂ ಗೋರಿಯೊಳಗೆ ಉಸಿರು ಬಿಗಿಹಿಡಿಯುತ್ತಿದ್ದಳು.

ಆಕೆಯೂ ಏಳನೆಯ ವಯಸ್ಸಿಗೆ ಕುಣಿತಕ್ಕೆ ಸೇರಿದವಳೇ. ಬೆರಳು ಹಿಂದಕ್ಕೆ ಬಾಗಿಸಿ ಬಾಗಿಸಿ ಮೊಣಕೈಗೆ ಮುಟ್ಟಿಸುತ್ತಿದ್ದಳಂತೆ. ಆಮೇಲೆ ಊರು ಬಿಡಿಸಿ ಎಲ್ಲರನ್ನೂ ಹೊಲಕ್ಕೆ ಅಟ್ಟಿದ, ಕುಣಿಯುವವರನ್ನು ಹುಡುಕಿ ಕೊಂದ ಆ ಮೂರು ವರ್ಷ ಎಂಟು ತಿಂಗಳು ಬಂದವು. ಕಾಲುವೆ ತೋಡುವಾಗ ಎಡಮಂಡಿ ಹೋಯಿತು. ಅದು ಮುಗಿದ ಮೇಲೆ, ಬದುಕಿ ಉಳಿದವರೆಲ್ಲ ಒಬ್ಬೊಬ್ಬರಾಗಿ ನೋಂ ಪೆನ್ನಿಗೆ ನಡೆದುಬಂದು ಮುರುಕು ನಾಟ್ಯಶಾಲೆಯಲ್ಲಿ ಸೇರಿದಾಗ ಆಕೆಯೂ ಬಂದಳು. ಒಂದು ಕಾಲು ಹಿಂದಕ್ಕೆತ್ತಿ ನಿಲ್ಲಲು ಹೋಗಿ ಬಿದ್ದಳು. ಎದ್ದು, "ಸೂಜಿ ಎಲ್ಲಿಟ್ಟಿದೀರಿ?" ಎಂದಳು. ಅಷ್ಟೇ. ಅಂದಿನಿಂದ ಕುಣಿಯಬೇಕಾದ ಕಾಲುಗಳೆಲ್ಲ ಆಕೆಯೊಳಗೆ ಸುಮ್ಮನೆ ಓಡಾಡುತ್ತಿದ್ದವು.

ಮೇಳವನ್ನು ನಡೆಸುತ್ತಿದ್ದವಳು ಗುರುವಮ್ಮ ಸಾರಾವಿ. ಕೈಯಲ್ಲಿ ಸದಾ ಬಿದಿರುಕೋಲು. ಆಕೆ ಹುಬ್ಬು ಗಂಟಿಕ್ಕಿದರೆ ಗೋಡೆಯ ಹಲ್ಲಿಗಳೂ ನೆಟ್ಟಗೆ ನಿಲ್ಲುತ್ತಿದ್ದವು. ಆಕೆಯ ಒಂದು ನಿಯಮವಿತ್ತು: ಉಡುಪಿನಲ್ಲಿ ಸೂಜಿ ಮರೆತವರು ಅಂದೇ ಸೂಜಿದಾರ ಒಪ್ಪಿಸಿ ಮನೆಗೆ ಹೋಗಬೇಕು. ಹಿಂದೊಮ್ಮೆ ಯಾರೋ ಮರೆತ ಸೂಜಿ ರಾಕ್ಷಸ ವೇಷದವನ ತೊಡೆಗೆ ಹೊಕ್ಕು, ಅವನು ಕೂಗಿದ ಕೂಗಿಗೆ ಮೊದಲ ಸಾಲಿನಲ್ಲಿದ್ದ ಮಂತ್ರಿಯ ಕನ್ನಡಕ ಒಡೆದಿತ್ತು. ಅದಕ್ಕಾಗಿ ನಿಮೊಲ್ ಮೇಣದ ಉಂಡೆಯೊಂದರಲ್ಲಿ ಒಂಬತ್ತು ಸೂಜಿ ಚುಚ್ಚಿಟ್ಟುಕೊಂಡು, ಹೊಲಿಗೆ ಮುಗಿದೊಡನೆ ಬೆರಳಿನಿಂದ ಎಣಿಸುತ್ತಿದ್ದಳು.

ಬೆರಳಿನಿಂದ ಏಕೆಂದರೆ, ಎರಡು ವರ್ಷದಿಂದ ಆಕೆಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಇದು ಗೊತ್ತಿದ್ದದ್ದು ಇಬ್ಬರಿಗೇ. ನನಗೆ, ಮತ್ತು ಆಕೆಯ ಓಣಿಯಲ್ಲಿ ಮೀನುಸಾರಿನ ಶಾವಿಗೆ ಮಾರುವವಳಿಗೆ. ಆ ಶಾವಿಗೆಯವಳು ಒಂಬತ್ತಕ್ಕೂ ಉದ್ದುದ್ದ ದಾರ ಪೋಣಿಸಿ ಕೊಡುತ್ತಿದ್ದಳು. ನಿಮೊಲ್ ಒಂದು ಮುಗಿದರೆ ಇನ್ನೊಂದು ಎತ್ತಿಕೊಳ್ಳುತ್ತಿದ್ದಳು. ಹೊಲಿಗೆ ಬೆರಳಿಗೆ ಗೊತ್ತು, ಅದಕ್ಕೆ ಕಣ್ಣೇಕೆ? ಆದರೆ ಗುರುವಮ್ಮನಿಗೆ ತಿಳಿದರೆ ಸೂಜಿ ಹೋಗುತ್ತಿತ್ತು. ಸೂಜಿ ಹೋದರೆ ನಿಮೊಲ್ ಎಲ್ಲಿಗೆ ಹೋಗಬೇಕು?

ಆ ಏಪ್ರಿಲ್ಲಿನಲ್ಲಿ, ಹೊಸ ವರ್ಷದ ಹಬ್ಬದ ಮೂರನೆಯ ದಿನ, ಮಧ್ಯಾಹ್ನ ಚಿನ್ನದ ಮತ್ಸ್ಯಕನ್ಯೆಯ ಕುಣಿತವಿತ್ತು. ಲಂಕೆಗೆ ಸೇತುವೆ ಕಟ್ಟಲು ಕಪಿಗಳು ಹಾಕುವ ಕಲ್ಲನ್ನೆಲ್ಲ ಮೀನುಗಳು ಕದಿಯುತ್ತವೆ. ಮೀನುಗಳ ಒಡತಿ ರಾವಣನ ಮಗಳು. ಕಳ್ಳಿಯನ್ನು ಹಿಡಿಯಲು ನೀರಿಗಿಳಿದ ಹನುಮಂತ ತಾನೇ ಪ್ರೀತಿಯಲ್ಲಿ ಸಿಕ್ಕಿಬೀಳುತ್ತಾನೆ. ನಮ್ಮ ಹನುಮಂತ ಹೀಗೆಯೇ, ನಾವೇನು ಮಾಡೋಣ. ಮತ್ಸ್ಯಕನ್ಯೆ ಕುಂಥಿಯಾ, ಹತ್ತೊಂಬತ್ತರ ಹುಡುಗಿ. ಹನುಮಂತ ವಿಚೆತ್, ಮುಖವಾಡ ಹಾಕಿದ ಮೇಲೆ ನನ್ನ ಮದ್ದಳೆ ಬಿಟ್ಟರೆ ಅವನ ಕಿವಿಗೆ ಸಿಡಿಲೂ ಕೇಳುವುದಿಲ್ಲ.

ಆ ದಿನ ಸೆಖೆಗೆ ನಿಮೊಲಳ ಕೈ ಬೆವತು ಎರಡು ಕಡೆ ದಾರ ಹರಿಯಿತು. ಪೋಣಿಸಿದ ಸೂಜಿಗಳು ಮುಗಿಯುತ್ತ ಬಂದವು. ಕೊನೆಗೆ ಬಾಲ ಬಿಗಿಯುವಾಗ ಹೊರಗಿನಿಂದ ಗುರುವಮ್ಮ "ಆಯ್ತಾ?" ಎಂದು ಕೋಲು ಕುಟ್ಟಿದಳು. "ಆಯ್ತು, ಆಯ್ತು!" ಎಂದಳು ನಿಮೊಲ್. ಕುಂಥಿಯಾ ಮುಖವಾಡಗಳ ಮುಂದೆ ಬಗ್ಗಿ, ತೀರಿಹೋದ ಗುರುಗಳಿಗೆ ಕೈಮುಗಿದಳು. ಕಿರೀಟ ಏರಿತು. ನಮ್ಮಲ್ಲಿ ಕಿರೀಟ ಏರಿತೆಂದರೆ ಅವಳು ಮಾತಾಡುವಂತಿಲ್ಲ, ಕುಣಿತ ಮುಗಿಯುವವರೆಗೆ ಬಟ್ಟೆಗೆ ಕತ್ತರಿ ತಾಕುವಂತಿಲ್ಲ. ಆಮೇಲೆ ನಿಮೊಲ್ ಉಂಡೆ ಮುಟ್ಟಿ ಎಣಿಸಿದಳು.

ನಾನು ಮದ್ದಳೆಗೆ ಊದುಬತ್ತಿ ಹಚ್ಚುತ್ತಿದ್ದೆ. ಬಂದು ಕಿವಿಗೆ ಬಾಯಿ ಹಚ್ಚಿದಳು.

"ಅಣ್ಣಾ, ಎಂಟೇ ಇದೆ."

"ಏನು ಎಂಟು?"

"ಸೂಜಿ ಕಣೋ! ಒಂದು ಅವಳ ಮೈಮೇಲೇ ಉಳೀತು. ಎಡಸೊಂಟದ ಹತ್ರ ಇರ್ಬೇಕು."

"ಇರ್ಬೇಕು ಅಂದ್ರೆ? ನೆಲದಲ್ಲಿ ನೋಡಿದ್ಯಾ?"

"ನೆಲ ನಂಗೆಲ್ಲಿ ಕಾಣುತ್ತೆ? ಅಂಗೈಲಿ ಗುಡಿಸ್ದೆ. ಇಲ್ಲ."

"ಗುರುವಮ್ಮಂಗೆ ಹೇಳು."

"ಹೇಳಿದ್ರೆ ನನ್ನ ಕಥೆ ಮುಗೀತು. ನೀನು ನಿಧಾನಕ್ಕೆ ಬಾರಿಸು. ಅವಳು ಎಡಕ್ಕೆ ಜೋರಾಗಿ ಬಾಗ್ಬಾರ್ದು, ಅಷ್ಟೇ."

"ಕೊನೇಲಿ ವಿಚೆತ್ ಅದೇ ಸೊಂಟಕ್ಕೆ ಕೈ ಹಾಕ್ತಾನಲ್ಲೇ, ಮಾರಾಯ್ತಿ!"

"ಅಷ್ಟರೊಳಗೆ ಏನಾದ್ರೂ ಹೊಳಿಯುತ್ತೆ," ಎಂದು ಹೋದಳು. ಹೋಗಿ ಪರದೆಯ ಹಿಂದೆ ತಿರುಗಾಡತೊಡಗಿದಳು.

ಮದ್ದಳೆ ಹೇಳಿದಂತೆ ಮೇಳ. ನಾನು ನಿಧಾನಿಸಿದೆ. ಬೆನ್ನಟ್ಟುವ ದೃಶ್ಯ ಕೆಸರುಗದ್ದೆಯಲ್ಲಿ ಎರಡು ಎಮ್ಮೆ ನಡೆದಂತಾಯಿತು. ವಿಚೆತ್ ಒಂದು ಕಾಲೆತ್ತಿ, ಇಳಿಸಲು ನನ್ನ ಪೆಟ್ಟಿಗೆ ಕಾಯುತ್ತ ನಿಂತನು. ಅಷ್ಟರಲ್ಲಿ ಒಂದು ಗುಬ್ಬಿ ಅವನ ಮುಖವಾಡದ ಮೇಲೆ ಗೂಡು ಕಟ್ಟಿ ಮೊಟ್ಟೆಯಿಟ್ಟು ಮರಿಗಳಿಗೆ ಮದುವೆಯನ್ನೂ ಮಾಡಬಹುದಿತ್ತು. ಪಕ್ಕದಲ್ಲಿ ರೋನಿಯಾತ್ ಬಾರಿಸುವವನು ಬಿದಿರುಪಟ್ಟಿಗಳ ಮೇಲೆ ಕೋಲು ಎತ್ತಿ ಹಿಡಿದು, "ತಾತ, ಸತ್ತಿದ್ದೀರೋ ಬದುಕಿದ್ದೀರೋ?" ಎಂದ.

"ನೋಡ್ತಾ ಇದೀನಿ ಇರು," ಎಂದೆ.

ಕುಂಥಿಯಾಳ ಮುಖದಲ್ಲಿ ಎಂದಿನ ನಗು. ಆ ನಗುವನ್ನು ಹತ್ತು ವರ್ಷ ಕೋಲಿನಿಂದ ಕಲಿಸುತ್ತೇವೆ, ಹಾವು ಕಚ್ಚಿದರೂ ಕದಲುವುದಿಲ್ಲ. ಹಾಗಾಗಿ ಅದನ್ನು ನೋಡಿ ಏನೂ ತಿಳಿಯುವಂತಿರಲಿಲ್ಲ. ಪರದೆಯ ಕೆಳಗಿನ ಸಂದಿಯಲ್ಲಿ ನಿಮೊಲಳ ಪಾದಗಳು ಆ ಕಡೆ, ಈ ಕಡೆ. ಒಂದು ಕುಂಟು ಹೆಜ್ಜೆ, ಒಂದು ನೆಟ್ಟನೆಯ ಹೆಜ್ಜೆ. ವಿಚೆತ್ ಮೂರು ಸುತ್ತು ಬಂದ. ಇನ್ನೊಂದು ಸುತ್ತು, ಆಮೇಲೆ ಸೊಂಟ.

ಪಾದಗಳು ನಿಂತವು. ಕೈಯಲ್ಲಿ ತಟ್ಟೆಯೋ ಸೂಜಿಯೋ ಇಲ್ಲದೆ ಅವು ನಿಂತದ್ದು ನಲವತ್ತು ವರ್ಷದಲ್ಲಿ ಮೊದಲ ಸಲ. ಮರುಕ್ಷಣ ಅವು ರಂಗದ ಬದಿಗೆ, ಗುರುವಮ್ಮನಿದ್ದ ಕಡೆಗೆ ಓಡಿದವು.

"ಸೂಜಿ ಬಿಟ್ಟಿದೀನಿ," ಎಂದಳು ನಿಮೊಲ್. ನನಗೂ ಕೇಳಿಸಿತು. "ಕುಂಥಿಯಾನ ಎಡಸೊಂಟದಲ್ಲಿ. ಅವನು ಹಿಡೀಬಾರ್ದು."

"ನೀನು? ಸೂಜಿ ಬಿಟ್ಯಾ?"

"ಕಣ್ಣು ಕಾಣಲ್ಲ, ಗುರುವಮ್ಮ. ಎರಡು ವರ್ಷ ಆಯ್ತು. ಬೈಯೋದು ಆಮೇಲೆ ಬೈರಿ, ಮೊದ್ಲು ಅವನನ್ನ ತಡೀರಿ!"

ಗುರುವಮ್ಮ ಬೈಯಲಿಲ್ಲ. ಕೋಲೆತ್ತಿ ನನಗೆ ಸನ್ನೆ ಮಾಡಿದಳು: ಓಡಿಸು. ನಾನು ಮತ್ಸ್ಯಕನ್ಯೆ ಸಮುದ್ರಕ್ಕೆ ಧುಮುಕುವ ಕಡೆಯ ತಾಳಕ್ಕೆ ಹಾರಿದೆ. ಕುಂಥಿಯಾ ಜಾಣೆ, ಕೈಗಳನ್ನು ಅಲೆಯಂತೆ ಆಡಿಸುತ್ತ ಬಾಲ ತಿರುಗಿಸಿ ಒಳಗೆ ಹೋಗಿಯೇಬಿಟ್ಟಳು. ಹನುಮಂತ ಖಾಲಿ ಗಾಳಿಯನ್ನು ತಬ್ಬಿಕೊಂಡು ನಿಂತ. ಹಿಂದಿನ ಸಾಲಿನಿಂದ ಒಬ್ಬ ಮುದುಕ, "ಏ, ಇಷ್ಟು ದೂರ ಈಜ್ಕೊಂಡು ಬಂದೋನಿಗೆ ಹುಡುಗಿ ಕೊಡ್ರಯ್ಯಾ!" ಎಂದು ಕೂಗಿದ.

ಒಳಗೆ ಕಿರೀಟ ಇಳಿಸಿ, ನಿಮೊಲಳೇ ದಾರ ಕತ್ತರಿಸಿದಳು. ಸೂಜಿ ಎಡಸೊಂಟದಲ್ಲಿಯೇ ಇತ್ತು. ಒಳಗಿನ ಬಿಳಿ ಬಟ್ಟೆಯ ಮೇಲೆ ಮೆಣಸಿನ ಕಾಳಿನಷ್ಟು ರಕ್ತ.

"ಕೈಮುಗಿಯೋಕೆ ಬಗ್ಗಿದಾಗ್ಲೇ ಚುಚ್ತು, ಅಜ್ಜಿ," ಎಂದಳು ಕುಂಥಿಯಾ. "ನೀವು ಬೇಕಂತಲೇ ಇಟ್ಟಿದೀರಿ ಅಂದ್ಕೊಂಡೆ. ನಾನು ಎಡಕ್ಕೆ ಜಾಸ್ತಿ ಬಾಗ್ತೀನಿ ಅಂತ ಗುರುವಮ್ಮ ದಿನಾ ಬೈತಿದ್ರಲ್ಲ."

ಗುರುವಮ್ಮ ಅಂಗೈ ಚಾಚಿದಳು. ನಿಮೊಲ್ ಮೇಣದ ಉಂಡೆ, ಕತ್ತರಿ, ಬೆರಳಿನ ಟೊಪ್ಪಿಗೆ, ಮೂರನ್ನೂ ಅದರ ಮೇಲೆ ಇಟ್ಟಳು. ಇಬ್ಬರೂ ಒಂದೇ ವರ್ಷ ಕುಣಿತಕ್ಕೆ ಸೇರಿದ ಗೆಳತಿಯರು.

ಆ ಮೇಲಿನ ಹನ್ನೊಂದು ದಿನ ಆಕೆಯ ಓಣಿಯವರು ಅನುಭವಿಸಿದ್ದನ್ನು ಶತ್ರುವೂ ಅನುಭವಿಸಬಾರದು. ಮನೆಯ ಮುಂದಿನ ಮಣ್ಣಿನಲ್ಲಿ ಆಕೆ ತಿರುಗಿ ತಿರುಗಿ ಆಳೆತ್ತರದ ಗುಂಡಿಯಾಯಿತು, ಬಾತುಕೋಳಿಗಳು ಅದರಲ್ಲಿ ಈಜಿದವು. ನೆರೆಯವರ ಸೊಳ್ಳೆಪರದೆಗಳ ಹೊಲಿಗೆಯನ್ನೆಲ್ಲ ಬಿಚ್ಚಿ ಮತ್ತೆ ಹಾಕಿದಳು. ಹನ್ನೆರಡನೆಯ ದಿನ, ಸಂಜೆಯ ಕುಣಿತಕ್ಕೆ ಮುಂಚೆ, ನಾನು ಮಾತಾಡಿಸಲು ಹೋದೆ.

"ಬಾಯಿ ಮುಚ್ಕೊಂಡಿದ್ದಿದ್ರೆ ಸೂಜಿ ಉಳೀತಿತ್ತು, ಅಲ್ವಾ?" ಎಂದೆ.

"ಉಳೀತಿತ್ತು," ಎಂದಳು. "ಆ ಹುಡುಗಿ ಸೊಂಟದ ಒಳಗೆ. ಸುಮ್ನಿರಣ್ಣ, ಉಪ್ಪು ಸುರೀಬೇಡ."

ಆಗ ಓಣಿಯ ತುದಿಯಲ್ಲಿ ಬೈಕಿಗೆ ಕಟ್ಟಿದ ಬಂಡಿಯೊಂದು ಬಂತು. ಅದರಿಂದ ಕುಂಥಿಯಾ ಇಳಿದಳು. ಮೇಲೊಂದು ಚೌಕಳಿ ಲುಂಗಿ ಹೊದ್ದು, ಒಳಗೆ ಅರ್ಧ ಹೊಲಿದ ಚಿನ್ನದ ಕುಪ್ಪಸ.

"ಹೊಸಬಳು ಹೊಲಿದ್ಲು ಅಜ್ಜಿ. ನೋಡಿ, ಉಸಿರಾಡೋಕೆ ಆಗ್ತಿದೆ!"

"ಆಗ್ಲಿ ಬಿಡು. ಉಸಿರು ಒಳ್ಳೇದು."

"ಏನು ಒಳ್ಳೇದು? ಬಾಗಿದ್ರೆ ಬಟ್ಟೆ ಒಂದು ಕಡೆ, ನಾನೊಂದು ಕಡೆ. ಇದನ್ನ ಹಾಕ್ಕೊಂಡು ನಾನು ಕಿರೀಟ ಇಡ್ಸಿಕೊಳ್ಳಲ್ಲ. ಹೊಲೀರಿ."

"ಗುರುವಮ್ಮಂಗೆ ಗೊತ್ತಾ?"

"ಗೊತ್ತಾಗುತ್ತೆ."

ನಿಮೊಲ್ ನನ್ನ ಕಡೆ ನೋಡಿದಳು, ಬಾನಿನ ಕಡೆ ನೋಡಿದಳು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕೈಗಳು ಕಟ್ಟಿಸಿಕೊಳ್ಳಲಿಲ್ಲ. ಕುಂಥಿಯಾಳೇ ದಾರ ಪೋಣಿಸಿ ಒಂದೊಂದು ಸೂಜಿಯನ್ನೂ ಆಕೆಯ ಬೆರಳಿಗಿಟ್ಟಳು, ಒಂದೊಂದನ್ನೂ ಹಿಂದಕ್ಕೆ ಕೇಳಿ ಪಡೆದಳು. ಒಂದೂವರೆ ಗಂಟೆಯಲ್ಲಿ ಓಣಿಯ ನಡುವೆ ಒಂದು ಚಿನ್ನದ ಮೀನು ಉಸಿರಾಡದೆ ನಿಂತಿತ್ತು. ಶಾವಿಗೆಯವಳು ಸೌಟು ಹಿಡಿದು ಕೈಮುಗಿದಳು.

ಬಾಲ ಬಿಗಿದ ಮೇಲೆ ಕೂರುವಂತಿಲ್ಲ. ಬಂಡಿಯಲ್ಲಿ ಕುಂಥಿಯಾ ಕಂಬಿ ಹಿಡಿದು ನಿಂತಳು, ಬಾಲ ಹೊರಗೆ. ಹೋಗುವ ದಾರಿ ಮೀನುಮಾರ್ಕೆಟ್ಟಿನ ನಡುವೆ. ಅಲ್ಲಿನ ಹೆಂಗಸರು ಎದ್ದು ನಿಂತರು. ತೊಟ್ಟಿಯಲ್ಲಿದ್ದ ಬಾಳೆಮೀನುಗಳು ತಮ್ಮ ರಾಜಕುಮಾರಿಯನ್ನು ಕಂಡು ಮೂರು ಸಲ ತಲೆಬಾಗಿದವು. ನಾನು ಕಣ್ಣಾರೆ ಕಂಡೆ, ನಾಲ್ಕು ಸಲ ಎಂದರೆ ನೀವು ನಂಬುವುದಿಲ್ಲವೆಂದು ಮೂರು ಎನ್ನುತ್ತಿದ್ದೇನೆ. ನಿಮೊಲ್ ಮಾತ್ರ ಬಂಡಿಯ ಮೂಲೆಯಲ್ಲಿ ಕಾಲು ಬದಲಿಸುತ್ತ ನಿಂತು, "ನಾನ್ಯಾಕೆ ಬಂದೆ? ನನ್ನ ಇಳಿಸಿ. ಬೇಡ, ಹೋಗಿ, ಬೇಗ ಹೋಗಿ," ಎನ್ನುತ್ತಿದ್ದಳು.

ನಾಟ್ಯಶಾಲೆಯ ಬಾಗಿಲಲ್ಲಿ ಗುರುವಮ್ಮ ಕೋಲು ಅಡ್ಡ ಹಿಡಿದು ನಿಂತಿದ್ದಳು. ಬಂಡಿ ನಿಂತಿತು. ಆಕೆ ಬಂದು ಕುಂಥಿಯಾಳ ಬೆನ್ನ ಮೇಲಿನ ಹೊಲಿಗೆಯ ಸಾಲನ್ನು ಉಗುರಿನಿಂದ ಮೇಲಿನಿಂದ ಕೆಳಗಿನವರೆಗೆ ಗೀರಿ ನೋಡಿದಳು.

"ಇದನ್ನ ಬಿಚ್ಚೋರು ಯಾರು?" ಎಂದಳು.

"ನನ್ನ ಗಂಟು ಬೇರೆಯವರ ಕತ್ತರಿಗೆ ಬಗ್ಗಲ್ಲ," ಎಂದಳು ನಿಮೊಲ್, ಮೂಲೆಯಿಂದ.

"ಗೊತ್ತು. ಅದಕ್ಕೇ ಕೇಳಿದ್ದು."

ಗುರುವಮ್ಮ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಸರಿದದ್ದು ಮೀನಿಗೋ ಮುದುಕಿಗೋ ಎಂದು ನಾನು ಕೇಳಲಿಲ್ಲ. ಕೇಳುವಷ್ಟು ಹೊತ್ತೂ ಇರಲಿಲ್ಲ. ಹುಡುಗಿಯನ್ನು ಇಳಿಸಿಕೊಳ್ಳಲು ನಾವು ಇನ್ನೂ ಕೈ ಚಾಚುತ್ತಿದ್ದಾಗಲೇ ನಿಮೊಲ್ ಕುಂಟುತ್ತ ಒಳಗೆ ಹೋಗಿ, ಹೊಸ ಹೊಲಿಗೆಯವಳ ಹೆಸರು ಹಿಡಿದು ಕೂಗುತ್ತಿದ್ದಳು.