ಮೂರು ಪಾಲಾದ ದೋಣಿ

ನಾನು ಚಿಕ್ಕವಳಿದ್ದಾಗ ನಮ್ಮ ಅಂಗಳದಲ್ಲಿ ಒಂದು ದೋಣಿ ಮಲಗಿತ್ತು. ಅದನ್ನು ಇನ್ನೂ ಯಾರೂ ಕೆತ್ತಿರಲಿಲ್ಲ. ಕಂಡವರಿಗೆಲ್ಲ ಅದು ಬರೀ ಮಾವಿನ ದಿಮ್ಮಿ. ಅಪ್ಪನಿಗೆ, ಅಕ್ಕನಿಗೆ ಮತ್ತು ನನಗೆ ಮಾತ್ರ ದೋಣಿ. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವಳೇ ಮಕ್ಕಳೇ, ನಿಮ್ಮ ಅಜ್ಜಿ. ಅವಳಿಂದಾಗಿ ನಾನು ನಲವತ್ತಕ್ಕೇ ನಿಮಗೆ ಸಣ್ಣಜ್ಜಿಯಾದೆ.

ನನ್ನ ಅಜ್ಜ ತೀರಿಕೊಂಡ ದಿನ ನಮ್ಮ ಕಡೆಯ ಪದ್ಧತಿಯಂತೆ ಮನೆಯ ಮಾವಿನ ಮರ ಕಡಿದಿದ್ದರು. ಗೆಲ್ಲುಗಳು ಚಿತೆಗೆ ಹೋದವು, ದಪ್ಪ ಕಾಂಡ ಅಂಗಳದಲ್ಲೇ ಉಳಿಯಿತು. ಅಪ್ಪ ಅಘನಾಶಿನಿ ಹೊಳೆಯ ನಡುವಿಗೆ ದೋಣಿಯಲ್ಲಿ ಹೋಗಿ, ಮುಳುಗಿ, ಬಳಚು ಎಂಬ ಚಿಪ್ಪುಮೀನು ಹೆಕ್ಕಿ ತರುತ್ತಿದ್ದ. ಅಮ್ಮ, ಅಕ್ಕ ಅದನ್ನು ಬುಟ್ಟಿಯಲ್ಲಿ ಹೊತ್ತು ಕುಮಟೆ ಪೇಟೆಯಲ್ಲಿ ಮಾರುತ್ತಿದ್ದರು. ನಮ್ಮ ಊಟ ಅದರಿಂದಲೇ. ಆದರೆ ಹಳೆಯ ದೋಣಿಯ ತಳ ಕೊಳೆತಿತ್ತು. ಒಂದೇ ಮರದಲ್ಲಿ ದೋಣಿ ಕೆತ್ತಲು ಬೇಕಾದಂಥ ಗಂಟಿಲ್ಲದ ದಿಮ್ಮಿ ಆಗಲೇ ಎಲ್ಲೂ ಸಿಗುತ್ತಿರಲಿಲ್ಲ, ಹೊಸ ದೋಣಿ ಕೊಳ್ಳಲು ದುಡ್ಡಿರಲಿಲ್ಲ. ಸಂಜೆ ಅಪ್ಪ ದಿಮ್ಮಿಯ ಮೇಲೆ ಅಂಗೈ ಇಟ್ಟುಕೊಂಡು ಬುಡದಿಂದ ತುದಿಯವರೆಗೆ ನಡೆಯುತ್ತಿದ್ದ. ನಾನೂ ಅಕ್ಕನೂ ಅದರ ನಡುವೆ ಕೂತು ಗಾಳಿಯಲ್ಲೇ ಹುಟ್ಟು ಹಾಕುತ್ತಿದ್ದೆವು.

ಹನ್ನೆರಡನೆಯ ದಿನದ ಊಟವಾದ ಮೇಲೆ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಜಗಲಿಯಲ್ಲಿ ಕೂತು ಅಜ್ಜನದನ್ನೆಲ್ಲ ಹಂಚಿಕೊಂಡರು. ಗದ್ದೆ, ತೆಂಗು, ಪಾತ್ರೆ ಎಲ್ಲ ಜಗಳವಿಲ್ಲದೆ ಮುಗಿಯಿತು. ಉಳಿದದ್ದು ದಿಮ್ಮಿ. ಅದನ್ನು ತನಗೆ ಬಿಟ್ಟರೆ ತನ್ನ ಪಾಲಿನ ತೆಂಗಿನ ಮರಗಳನ್ನೇ ಕೊಡುತ್ತೇನೆ ಎಂದು ಅಪ್ಪ ಕೇಳಿದ.

"ದೋಣಿ ನಿಂಗೆ. ನಂಗೆಂತ, ಹುಟ್ಟಾ?" ಎಂದು ಚಿಕ್ಕಪ್ಪ ನಕ್ಕ.

ದೊಡ್ಡಪ್ಪ ನಗಲಿಲ್ಲ. "ಅಪ್ಪನ ಚಿತೆಗೆ ಹೋದ ಮರ ಅದು. ಅದ್ರಲ್ಲಿ ಯಾಪಾರ ಬ್ಯಾಡ. ಸಮ ಕೊಯ್ದು ಸಮ ತಕಂಬುದು, ಆತು."

ಬುಡ ದಪ್ಪ, ತುದಿ ಸಣ್ಣ. ಮೂರೇ ತುಂಡು ಮಾಡಿದರೆ ಸಮವಾಗುವುದಿಲ್ಲ. ಅದಕ್ಕೆ ಇಡೀ ದಿಮ್ಮಿಯನ್ನು ಒಂದೇ ದಪ್ಪದ ಬಿಲ್ಲೆಗಳಾಗಿ ಕೊಯ್ದು, ಸರದಿಯಂತೆ ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು.

ಮರುದಿನ ಕತಗಾಲದಿಂದ ಒಬ್ಬಾತ ಮರ ಕೊಯ್ಯುವ ಮಿಶನ್ ತಂದ. ನಾವು ಅಂಥದ್ದನ್ನು ನೋಡಿದ್ದು ಅದೇ ಮೊದಲು. ದಿಮ್ಮಿಯನ್ನೂ ನಮ್ಮ ಮುಖಗಳನ್ನೂ ನೋಡಿ ಆತ "ಖರೇ ಕೊಯ್ಯುದಾ?" ಎಂದು ಕೇಳಿದ. ಅಪ್ಪನೇ ಗೇಣುದ್ದದ ಅಡಿಕೆ ದಬ್ಬೆಯನ್ನು ಅಳತೆಗೋಲು ಮಾಡಿಕೊಂಡು ಬಗ್ಗಿದ. ಬುಡದಿಂದ ಶುರುಮಾಡಿ ದಬ್ಬೆ ಇಟ್ಟಲ್ಲೆಲ್ಲ ಇದ್ದಿಲಿನಿಂದ ಗೆರೆ ಎಳೆದ.

ಅಕ್ಕನಿಗೆ ತಡೆಯಲಾಗಲಿಲ್ಲ. "ಅಪ್ಪಾ, ಬ್ಯಾಡ ಹೇಳು. ನಿಂಗೆ ಬಾಯಿಲ್ವಾ?"

ಅಪ್ಪ ತಲೆ ಎತ್ತಲಿಲ್ಲ. "ಮೂರು ಮಕ್ಕಳ ಅಪ್ಪ ನಿನ್ನಜ್ಜ. ನಂಗೊಬ್ಬಂಗಲ್ಲ."

ಮಿಶನ್ ಕಿರುಚಿತು. ಕಾಗೆಗಳು ಹಾರಿದವು. ಪೆಟ್ರೋಲಿನ ಹೊಗೆಯ ನಡುವೆ ಹಸಿ ಮಾವಿನ ಹುಳಿ ವಾಸನೆ ಬಂತು. ಬ್ಲೇಡು ಗೆರೆಯ ಮೇಲೆ ನೇರ ಇಳಿಯುತ್ತಿತ್ತು. ಮರ ಬಿಗಿದು ಹಿಡಿದಾಗ ಆತ ಸಂದಿಗೆ ಬೆಣೆ ಬಡಿದು ಮತ್ತೆ ಕೊಯ್ಯುತ್ತಿದ್ದ. ಹಳದಿ ಹುಡಿ ಅಕ್ಕನ ಕೂದಲ ಮೇಲೆಲ್ಲ ಬಿತ್ತು, ಅವಳು ಕೊಡವಿಕೊಳ್ಳಲಿಲ್ಲ. ಬಿದ್ದ ಬಿಲ್ಲೆಗಳ ಮೇಲೆ ಒಂದು, ಎರಡು, ಮೂರು, ಮತ್ತೆ ಒಂದು, ಎರಡು, ಮೂರು ಎಂದು ಬರೆಯುವ ಕೆಲಸ ನನ್ನದು. ಎಣಿಸುವುದೆಂದರೆ ನನಗೆ ಪ್ರೀತಿ. ಆದರೆ ನಾವಿಬ್ಬರೂ ಕೂರುತ್ತಿದ್ದ ಜಾಗದ ಬಿಲ್ಲೆ ಬಿದ್ದಾಗ ನನ್ನ ಕೈ ಏಳಲಿಲ್ಲ. ಅಪ್ಪ ಇದ್ದಿಲು ತೆಗೆದುಕೊಂಡು ತಾನೇ ಬರೆದ. ಕೊನೆಗೆ ಮೂರು ರಾಶಿಗಳಾದವು. ಯಾವ ರಾಶಿಯಲ್ಲೂ ಕಣ್ಣಿಗೆ ಕಾಣುವಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ.

ಬಿಸಿಲಿಗೆ ಬಿಲ್ಲೆಗಳೆಲ್ಲ ನಡುವಿನಿಂದ ಅಂಚಿಗೆ ಬಿರಿದವು. ದೊಡ್ಡಪ್ಪನ ರಾಶಿಗೆ ಒರಲೆ ಹಿಡಿಯಿತು. ಚಿಕ್ಕಪ್ಪನದು ಹಿತ್ತಲಲ್ಲಿ ಕೊಳೆಯಿತು. ನಮ್ಮದನ್ನು ಅಮ್ಮ ಬಚ್ಚಲೊಲೆಗೆ ತಳ್ಳಿದಳು. ಸರಿಯಾಗಿ ಉರಿಯದೆ ಬರೀ ಹೊಗೆಯಾಯಿತು. ಮಳೆಗಾಲ ಬರುವ ಮೊದಲೇ ಹಳೆಯ ದೋಣಿಯ ತಳ ಕಳಚಿತು.

ಆಮೇಲೆ ಅಪ್ಪ ಇಳಿತದ ಹೊತ್ತಿನಲ್ಲಿ ದಡದಿಂದ ನಡೆದೇ ನೀರಿಗಿಳಿಯುತ್ತಿದ್ದ. ಎದೆಮಟ್ಟ ನೀರು ಬಂದಲ್ಲಿ ನಿಂತು, ದೋಣಿಯವರು ಹೆಕ್ಕಿ ಬಿಟ್ಟ ಜಾಗದಲ್ಲೇ ಕಾಲಿನಿಂದ ತಡಕುತ್ತಿದ್ದ. ಬುಟ್ಟಿಯ ತಳವೂ ಮುಚ್ಚದ ದಿನಗಳಿದ್ದವು. ದೊಡ್ಡಪ್ಪ, ಚಿಕ್ಕಪ್ಪನ ಮೇಲೆ ಅಪ್ಪ ಒಂದು ಮಾತೂ ಆಡಲಿಲ್ಲ. ಆಡಲು ಏನಿತ್ತು? ಪಾಲು ಸಮವಾಗಿಯೇ ಆಗಿತ್ತು.

ಮಕ್ಕಳೇ, ನಿಮಗೆ ದೋಣಿ ಎಂದರೆ ಭಾನುವಾರದ ಸವಾರಿ. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಫೈಬರ್ ದೋಣಿಯಲ್ಲಿ ಕೂರುತ್ತೀರಿ, ಇಂಜಿನ್ ಗುಡುಗುತ್ತದೆ, ಹೊಳೆಯ ನಡುವಿನಿಂದ ನಮಗೆ ಕೈ ಬೀಸುತ್ತೀರಿ. ನಿಮ್ಮ ಅಜ್ಜಿ ದಡದಲ್ಲಿ ನಿಂತು ತಿರುಗಿ ಕೈ ಬೀಸುತ್ತಾಳೆ. ನೀವು ಅಷ್ಟು ಸಲೀಸಾಗಿ ತಲುಪುವ ಆ ನಡುನೀರಿಗೆ ಅಪ್ಪನಿಗೆ ಸಾಯುವವರೆಗೂ ಮತ್ತೆ ಹೋಗಲಾಗಲಿಲ್ಲ.