ಬೀಗರ ಬೆಕ್ಕಿನ ಪ್ಲಾಸ್ಮಾ

"ಬೆಕ್ಕಿನ ಸಲುವಾಗಿ ಬೀಗರ ಮುಂದ ಕೈ ಒಡ್ಡಿದಿ, ಮಾನ ಕಳದಿ" ಅಂತ ಫೋನಿನಲ್ಲಿ ಒದರಿದೆಯಲ್ಲ ಅಪ್ಪಾ... ಹೌದು, ಒಡ್ಡಿದೆ. ಏನೀಗ?

ಟಿವಿ ಕೇಳಿದೆನಾ? ಗಾಡಿ ಕೇಳಿದೆನಾ? ಅವರ ಬೆಕ್ಕಿನ ಒಂದಿಷ್ಟು ರಕ್ತ ಕೇಳಿದೆ.

ಫ್ರೆಂಡ್ಸ್, ನೀವೂ ಕೇಳಿ. ಇಳಕಲ್‌ನಲ್ಲಿ ನಮ್ಮದು ಮಗ್ಗದ ಮನೆ. ಇಲಿಗಳು ರೇಷ್ಮೆ ನೂಲು ಕಡಿಯುತ್ತವೆ ಅಂತಲೇ ನಮ್ಮ ಬೆಕ್ಕು ಬಿಜಲಿಯನ್ನು ಸಾಕಿದ್ದು. ಅದು ಸಾಲದು ಅಂತ ಅಪ್ಪ ಇಲಿ ಪಾಷಾಣವನ್ನೂ ಇಟ್ಟಿದ್ದ.

ಬಿಜಲಿ ಪಾಷಾಣ ಮುಟ್ಟಲಿಲ್ಲ. ಪಾಷಾಣ ತಿಂದ ಇಲಿಯನ್ನು ತಿಂದಳು.

ಎರಡು ಮೂರು ದಿನ ಮೂಲೆ ಹಿಡಿದು ಕೂತಳು. ಆಮೇಲೆ ನೋಡಿದರೆ ಒಸಡಿನಲ್ಲಿ ರಕ್ತ, ಹೊಟ್ಟೆಯ ಕೆಳಗೆ ನೀಲಿ ಕಲೆ. ನಮ್ಮೂರ ಡಾಕ್ಟರ್ ಇಂಜೆಕ್ಷನ್ ಕೊಟ್ಟು, "ಲಗೂನ ಬಾಗಲಕೋಟಿಗೆ ಒಯ್ರಿ" ಅಂದರು.

ಬುಟ್ಟಿಯಲ್ಲಿ ಹಾಕಿಕೊಂಡು ಬಸ್ ಹತ್ತಿದೆ. ಹುನಗುಂದದಲ್ಲಿ ಬಸ್ ನಿಂತಾಗ ಮುಚ್ಚಳ ಸರಿಸಿ ನೋಡಿದೆ... ಮಿಯಾಂವ್ ಅನ್ನಲೂ ಶಕ್ತಿ ಇಲ್ಲ.

ಬಾಗಲಕೋಟೆಯ ಡಾಕ್ಟರ್ ಮೇಡಂ, ಹತ್ತನೇ ಕ್ಲಾಸಿಗೆ ಸಾಲಿ ಬಿಟ್ಟ ನನಗೂ ತಿಳಿಯುವಂತೆ ಹೇಳಿದರು. ಈ ವಿಷದಿಂದ ರಕ್ತ ಹೆಪ್ಪುಗಟ್ಟುವುದೇ ನಿಂತುಹೋಗುತ್ತದೆ. ಕೊಟ್ಟ ಔಷಧಿ ಕೆಲಸ ಶುರು ಮಾಡಲು ಟೈಮ್ ಬೇಕು. ಅಲ್ಲಿಯವರೆಗೆ ಜೀವ ಹಿಡಿದಿಡಲು ಇನ್ನೊಂದು ಬೆಕ್ಕಿನ ರಕ್ತದಿಂದ ತೆಗೆದ ಪ್ಲಾಸ್ಮಾ ಬೇಕು.

"ದೊಡ್ಡದು, ಗಟ್ಟಿಮುಟ್ಟ ಬೆಕ್ಕು ಯಾರ ಮನ್ಯಾಗರ ಐತೇನ್ರಿ? ಸಂಜಿತನಕ ಕಾಯಾಕ ಆಗೂದಿಲ್ಲ."

ಇಡೀ ಬಾಗಲಕೋಟೆಯಲ್ಲಿ ನನಗೆ ಗೊತ್ತಿದ್ದ ಬೆಕ್ಕು ಒಂದೇ. ಗುಂಡ್ಯಾ. ನವನಗರದಲ್ಲಿ ನಮ್ಮ ಸವಿತಕ್ಕನನ್ನು ಕೊಟ್ಟ ಮನೆಯ ಬೆಕ್ಕು. ಅಕ್ಕನ ಅತ್ತೆಗೆ ಅವನು ಹೊಟ್ಟೆಯಲ್ಲಿ ಹುಟ್ಟಿದ ಮಗ ಇದ್ದ ಹಾಗೆ.

ಹೆಣ್ಣು ಕೊಟ್ಟವರು ಬೀಗರ ಮನೆಗೆ ಕೊಡಲು ಹೋಗಬೇಕು, ಕೇಳಲು ಹೋಗಬಾರದು. ನಮ್ಮ ಕಡೆ ಹಾಗೇ. ಆದರೂ ಬಿಜಲಿಯನ್ನು ಆಸ್ಪತ್ರೆಯಲ್ಲೇ ಬಿಟ್ಟು ಓಡಿದೆ. ಬಾಗಿಲಲ್ಲೇ ವಿಷಯ ಕೇಳಿದ ಅಕ್ಕ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ಲೇ, ನಿನ್ನ ಕಾಲಿಗೆ ಬೀಳ್ತೇನಿ, ಕೇಳಬ್ಯಾಡ. ನೀ ಹೋಗಿಬಿಡ್ತಿ, ಆಮ್ಯಾಲ ಮಾತು ಕೇಳಾಕಿ ನಾ."

ಕೇಳಿಬಿಟ್ಟೆ.

ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು. "ಏನ್ ತಮ್ಮಾ, ಹಬ್ಬಕ್ಕ ಕರದ್ರ ಬರಲಿಲ್ಲ, ಉಣ್ಣಾಕ ಕರದ್ರ ಬರಲಿಲ್ಲ. ಈಗ ಬಂದಿ, ಅದೂ ನಮ್ಮ ಗುಂಡ್ಯಾನ ರಕ್ತಕ್ಕ?"

ಅಕ್ಕ ತಲೆ ತಗ್ಗಿಸಿ ನಿಂತಿದ್ದಾಳೆ. "ಅತ್ತೀ, ಅದು ಸಾಯಾಕತ್ತೈತ್ರಿ..." ಅಷ್ಟೇ ಬಾಯಿಗೆ ಬಂತು.

"ಇಂವಗೇನರ ಆತಂದ್ರ?" ಅಂದರು.

"ಮೊದಲ ತಪಾಸ ಮಾಡ್ತಾರ್ರಿ. ಹೊಂದಲಿಲ್ಲಂದ್ರ ಮುಟ್ಟಂಗಿಲ್ರಿ."

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡರು. "ನಾ ಇಲ್ಲಂದ್ರ ಅಂವಾ ಯಾರಿಗೂ ಮುಟ್ಟಗೊಡಂಗಿಲ್ಲ. ಸವಿತಾ, ಚೀಲ ತಾ. ನೀನೂ ನಡಿ."

ಬೆಕ್ಕಿಗೂ ಬ್ಲಡ್ ಗ್ರೂಪ್ ಇರುತ್ತದೆ ಅಂತ ನನಗೆ ಗೊತ್ತಾಗಿದ್ದೇ ಆಗ. ತಪ್ಪು ಗ್ರೂಪಿನದು ಹೋದರೆ ಉಳಿಸಬೇಕಾದದ್ದೇ ಕೊಲ್ಲಬಹುದಂತೆ. ಬಿಜಲಿ, ಗುಂಡ್ಯಾ ಇಬ್ಬರ ರಕ್ತವೂ ಟೆಸ್ಟಿಗೆ ಹೋಯಿತು. ನಾನು ಕೂರುವವನೇ ಅಲ್ಲ, ಆಸ್ಪತ್ರೆಯ ವರಾಂಡದಲ್ಲಿ ಅತ್ತಿಂದಿತ್ತ, ಇತ್ತಿಂದತ್ತ...

ಅತ್ತೆ ಬೈದರು. "ಕುಂದ್ರೋ ಮಾರಾಯಾ, ನಿನ್ನ ನೋಡಿ ನನ್ನ ತಲಿ ತಿರಗಾಕತ್ತೈತಿ. ನಿಮ್ಮ ಮನೀ ಹುಡುಗಿ ನಮ್ಮ ಮನಿಗೆ ಹೊಂದಿಲ್ಲೇನು? ಇದೂ ಹೊಂದ್ತೈತಿ."

ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು. ಮದುವೆಯಾದ ಮೇಲೆ ಅತ್ತೆಯ ಬಾಯಿಂದ ಅಂಥ ಮಾತು ಅವಳು ಕೇಳಿದ್ದು ಅದೇ ಮೊದಲು.

ಹೊಂದಿತು!

ಗುಂಡ್ಯಾನಿಗೆ ಮಂಪರು ಬರಿಸಿ, ಕುತ್ತಿಗೆಯ ಕೂದಲು ಬೋಳಿಸಿ ರಕ್ತ ತೆಗೆದರು. ಅದನ್ನು ಮಷೀನಿನಲ್ಲಿ ಗರಗರ ತಿರುಗಿಸಿದಾಗ ಕೆಂಪು ಕೆಳಗಿಳಿದು, ಮೇಲೆ ತಿಳಿ ಹಳದಿ ನೀರು ನಿಂತಿತು. ಅದೇ ಪ್ಲಾಸ್ಮಾ. ಬಿಜಲಿಯ ಮುಂಗಾಲಿನ ನರಕ್ಕೆ ನಿಧಾನಕ್ಕೆ, ಹನಿ ಹನಿಯಾಗಿ...

ಮಧ್ಯಾಹ್ನ ದಾಟಿತು. ಒಸಡಿನ ರಕ್ತ ನಿಂತಿದೆ. ಎಚ್ಚರಾದ ಗುಂಡ್ಯಾನನ್ನು ಅತ್ತೆ ಎತ್ತಿಕೊಂಡು ಟೇಬಲ್ ಹತ್ತಿರ ತಂದರು. ಬಿಜಲಿ ತಲೆ ಎತ್ತಿ, ಅವನನ್ನು ನೋಡಿ, ಬುಸ್ಸೆಂದು ಹಲ್ಲು ಕಿರಿದಳು.

"ಅಬಾಬಾ, ಸೊಕ್ಕು ನೋಡ್ರಿ ಇದರದು! ರಕ್ತ ಕೊಟ್ಟಾವನ ಮ್ಯಾಲೇ..." ಅತ್ತೆ ಬಿದ್ದು ಬಿದ್ದು ನಕ್ಕರು.

ಮೇಡಂ ಕೂಡ ನಕ್ಕರು. "ಔಷಧಿ ಇನ್ನೂ ಭಾಳ ದಿನ ಕೊಡಬೇಕ್ರಿ. ಆದ್ರ ಸಿಟ್ಟು ಬಂತಂದ್ರ ಬದುಕೂ ಲಕ್ಷಣ."

ನಾನು ಹತ್ತಿರ ನಿಂತಷ್ಟು ಹೊತ್ತೂ ಬಿಜಲಿ ಏಳಲು ನೋಡುತ್ತಾಳೆ. ಕಾಲಿನ ಸೂಜಿ ಕಿತ್ತು ಬಂದೀತು. "ನೀವು ಹೊರಗಿರ್ರಿ, ಅದು ಮಲಗ್ಲಿ" ಅಂದರು ಮೇಡಂ.

ತಲೆಯ ಮೇಲೆ ಒಮ್ಮೆ ಕೈಯಾಡಿಸಿದೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು, ಸಪ್ಪಳ ಆಗದ ಹಾಗೆ ಬಾಗಿಲು ಮುಚ್ಚಿದೆ.